ಖರೀದಿ ದರದೊಳಗೆ ಅಡಗಿರುವ ಕೂಲಿ: ಹೊರಗುತ್ತಿಗೆ ತಯಾರಿಕೆಯಲ್ಲಿ ಹೊಣೆ ಯಾರದು?

ಹುಬ್ಬಳ್ಳಿಯ ಕೊಪ್ಪೀಕರ ರಸ್ತೆಯ ಅಂಗಡಿಗಳಲ್ಲಿ ಮಾರಾಟವಾಗುವ ವಿದೇಶಿ ಬ್ರ್ಯಾಂಡಿನ ಅಂಗಿಯನ್ನು ಆ ಬ್ರ್ಯಾಂಡಿನ ಕಂಪನಿಯೇ ಹೊಲಿದಿರುವುದು ಅಪರೂಪ. ಎಷ್ಟೋ ಸಲ ಆ ಕಂಪನಿಗೆ ಹೊಲಿಗೆ ಯಂತ್ರವಿರುವ ಒಂದು ಕೋಣೆಯೂ ಸ್ವಂತದ್ದಿರುವುದಿಲ್ಲ. ವಿನ್ಯಾಸ, ಜಾಹೀರಾತು, ಮಾರಾಟ ಇಷ್ಟನ್ನು ತನ್ನ ಕೈಯಲ್ಲಿಟ್ಟುಕೊಂಡು, ಬಟ್ಟೆ ಕತ್ತರಿಸುವುದರಿಂದ ಹಿಡಿದು ಗುಂಡಿ ಹಚ್ಚುವವರೆಗಿನ ಕೆಲಸವನ್ನೆಲ್ಲ ಅದು ಢಾಕಾ, ಕರಾಚಿ, ತಿರುಪ್ಪೂರು, ಬೆಂಗಳೂರಿನ ಕಾರ್ಖಾನೆಗಳಿಗೆ ವಹಿಸಿಕೊಡುತ್ತದೆ. ಮೊಬೈಲ್ ಫೋನು, ಬೂಟು, ಕಾಲ್ಚೆಂಡು, ಆಟಿಕೆಗಳು ತಯಾರಾಗುವುದೂ ಬಹುಮಟ್ಟಿಗೆ ಹೀಗೆಯೇ. ಹೊರಗುತ್ತಿಗೆ ತಯಾರಿಕೆ ಎಂದರೆ ಇದು.

ಈ ವ್ಯವಸ್ಥೆಯಲ್ಲಿ ಪಗಾರ ಬಾಕಿ ಉಳಿದಾಗ, ಓಟಿಯ ಹಣ ಬಾರದಿದ್ದಾಗ ಅಥವಾ ಕಟ್ಟಡವೇ ಕುಸಿದಾಗ ಉತ್ತರ ಕೊಡಬೇಕಾದವರು ಯಾರು? ಕಾಗದದ ಮೇಲೆ ಉತ್ತರ ಸರಳವಾಗಿದೆ: ಕೆಲಸಕ್ಕೆ ಇಟ್ಟುಕೊಂಡವನು ಕಾರ್ಖಾನೆಯ ಮಾಲೀಕ, ಆದ್ದರಿಂದ ಹೊಣೆಯೂ ಅವನದೇ. ಬ್ರ್ಯಾಂಡ್ ಕೇವಲ ಗಿರಾಕಿ. ಆದರೆ ಮಾಲಿನ ದರ ಎಷ್ಟಿರಬೇಕು, ಯಾವ ದಿನ ಹಡಗು ಏರಬೇಕು, ದಾರ ಯಾವ ಬಣ್ಣದ್ದಿರಬೇಕು, ತಡವಾದರೆ ದಂಡ ಎಷ್ಟು ಎಂಬುದನ್ನೆಲ್ಲ ತಾನೇ ಗೊತ್ತುಮಾಡುವವನನ್ನು ಬರೀ ಗಿರಾಕಿ ಎಂದು ಕರೆಯುವುದು ನನ್ನ ದೃಷ್ಟಿಯಲ್ಲಿ ಅರ್ಧ ಸತ್ಯ. ಕಾರ್ಮಿಕರ ಕೂಲಿ ಮತ್ತು ದುಡಿಮೆಯ ಅವಧಿ ಕಾರ್ಖಾನೆಯಲ್ಲಿ ಕೆಲಸ ಶುರುವಾಗುವ ಮೊದಲೇ, ಖರೀದಿಯ ಕರಾರಿನಲ್ಲಿ, ಬಹುಪಾಲು ನಿರ್ಧಾರವಾಗಿರುತ್ತವೆ.

ಇದು ನಮಗೆ ತೀರ ಅಪರಿಚಿತವಾದ ಸಂಗತಿಯೇನಲ್ಲ. ಹಾವೇರಿ, ಗದಗ ಜಿಲ್ಲೆಗಳ ಹಳ್ಳಿಗಳಿಂದ ಬೆಂಗಳೂರಿನ ಗಾರ್ಮೆಂಟ್ಸ್‌ಗೆ ದುಡಿಯಲು ಹೋದ ಹೆಣ್ಣುಮಕ್ಕಳು ಈ ಸರಪಳಿಯ ಕೊನೆಯ ಕೊಂಡಿಯಲ್ಲಿದ್ದಾರೆ. ಊರು ಬಿಡದೆಯೇ ಅದನ್ನು ಅರಿಯಬೇಕೆಂದರೆ ರಾಣೆಬೆನ್ನೂರಿನ ಸುತ್ತಲಿನ ಬೀಜೋತ್ಪಾದನೆಯ ಪ್ಲಾಟುಗಳಿವೆ. ಟೊಮೆಟೊ, ಮೆಣಸಿನಕಾಯಿ, ಬೆಂಡಿ, ಸವತಿ ಮೊದಲಾದ ತರಕಾರಿಗಳ ಹೈಬ್ರಿಡ್ ಬೀಜವನ್ನು ದೇಶದ ಮತ್ತು ಹೊರದೇಶಗಳ ಕಂಪನಿಗಳು ಈ ಭಾಗದ ಸಣ್ಣ ರೈತರಿಂದ ಮಾಡಿಸಿಕೊಳ್ಳುತ್ತವೆ. ಕಂಪನಿ ಹೆಣ್ಣು ಮತ್ತು ಗಂಡು ತಳಿಯ ಮೂಲಬೀಜ ಕೊಡುತ್ತದೆ. ನಡುವೆ ಆರ್ಗನೈಸರ್ ಎಂಬ ಮಧ್ಯವರ್ತಿ ಇರುತ್ತಾನೆ. ಜಮೀನು, ನೀರು, ಗೊಬ್ಬರ, ಆಳುಗಳ ಜವಾಬ್ದಾರಿ ರೈತನದು.

ಕೆಲಸದ ಸ್ವರೂಪವನ್ನು ನೋಡಿದರೆ ಕೂಲಿಯ ಪ್ರಶ್ನೆ ಏಕೆ ಇಷ್ಟು ಮುಖ್ಯ ಎಂಬುದು ತಿಳಿಯುತ್ತದೆ. ಟೊಮೆಟೊದಂಥ ಗಿಡದಲ್ಲಿ ಗಂಡು ಹೆಣ್ಣು ಭಾಗಗಳೆರಡೂ ಒಂದೇ ಹೂವಿನಲ್ಲಿರುವುದರಿಂದ, ಇನ್ನೂ ಅರಳದ ಮೊಗ್ಗನ್ನು ಚಿಮಟದಿಂದ ಬಿಡಿಸಿ, ಒಳಗಿನ ಕೇಸರಗಳನ್ನು ಹೂವಿಗೆ ಪೆಟ್ಟಾಗದಂತೆ ಕಿತ್ತು ತೆಗೆಯಬೇಕು; ಬಳಿಕ ಹೂವು ಸಿದ್ಧವಾದಾಗ ಗಂಡು ಗಿಡದಿಂದ ತಂದ ಪರಾಗವನ್ನು ಅದಕ್ಕೆ ಮುಟ್ಟಿಸಬೇಕು. ಹೀಗೆ ಒಂದೊಂದೇ ಹೂವಿಗೆ, ಕ್ರಾಸಿಂಗ್ ಎಂಬ ಈ ಪರಾಗ ಮುಟ್ಟಿಸುವ ಕೆಲಸ ಮುಗಿಯುವವರೆಗೆ ದಿನವೂ. ಬೇರೆ ಬೆಳೆಗಳಲ್ಲಿ ಕಾಣದಷ್ಟು ಆಳುಗಳು ಇದಕ್ಕೆ ಬೇಕು, ಖರ್ಚಿನಲ್ಲಿ ಅತಿ ದೊಡ್ಡ ಪಾಲು ಕೂಲಿಯದೇ, ಮತ್ತು ಈ ಕೂಲಿಯಾಳುಗಳಲ್ಲಿ ಹೆಚ್ಚಿನವರು ಹೆಂಗಸರು.

ಬೀಜ ಕೈಗೆ ಬಂದ ಮೇಲೆ ಕಂಪನಿ ಅದರ ಮೊಳಕೆ ಪರೀಕ್ಷೆ ಮಾಡಿಸುತ್ತದೆ, ತಳಿಶುದ್ಧತೆಯ ಪರೀಕ್ಷೆ ಮಾಡಿಸುತ್ತದೆ. ಕಿಲೋಗೆ ಇಂತಿಷ್ಟು ಎಂಬ ದರ ಬಿತ್ತನೆಗೆ ಮೊದಲೇ ಗೊತ್ತಾಗಿರುತ್ತದೆ. ಲಾಟು ಫೇಲಾದರೆ ಹಣವಿಲ್ಲ, ಆದರೆ ರೈತ ಅಷ್ಟರೊಳಗೆ ಕೂಲಿಯನ್ನು ಕೊಟ್ಟಾಗಿರುತ್ತದೆ. ಅಂದರೆ ಗುಣಮಟ್ಟದ ಮೇಲಿನ ಹಿಡಿತ ಮೇಲಿನವರದು, ನಷ್ಟದ ಭಾರ ಕೆಳಗಿನವರದು. ದರ ಬಿಗಿಯಾಗಿದ್ದಾಗ ರೈತ ಮೂಲಬೀಜದ ಲೆಕ್ಕದಲ್ಲಿ ಉಳಿಸಲಾರ, ಗೊಬ್ಬರದಂಗಡಿಯಲ್ಲಿ ಉಳಿಸಲಾರ. ಅವನು ಉಳಿಸಬಹುದಾದದ್ದು ಆಳಿನ ಕೂಲಿಯಲ್ಲಿ ಮಾತ್ರ. ದೊಡ್ಡವರಿಗಿಂತ ಕಡಿಮೆ ಕೂಲಿಗೆ ಸಿಗುವವರು ಮಕ್ಕಳು.

ಮೊದಲು ಆಂಧ್ರದ ಹತ್ತಿ ಬೀಜೋತ್ಪಾದನೆಯಲ್ಲಿ, ನಂತರ ಕರ್ನಾಟಕವೂ ಸೇರಿ ಇತರ ರಾಜ್ಯಗಳಲ್ಲಿ, ಶಾಲೆ ಬಿಟ್ಟು ಕ್ರಾಸಿಂಗ್‌ಗೆ ಬರುವ ಹುಡುಗಿಯರ ಸಂಗತಿ ಎರಡು ದಶಕಗಳ ಹಿಂದೆಯೇ ದಾಖಲಾಗಿ, ಯೂರೋಪಿನಲ್ಲಿ ಚರ್ಚೆಯಾಯಿತು. ಆಗ ಬಹುರಾಷ್ಟ್ರೀಯ ಕಂಪನಿಗಳು ಕೊಟ್ಟ ಮೊದಲ ಉತ್ತರ, ಆ ಮಕ್ಕಳು ನಮ್ಮ ನೌಕರರಲ್ಲ ಎಂಬುದೇ ಆಗಿತ್ತು. ಒತ್ತಡ ಹೆಚ್ಚಿದ ಮೇಲೆ, 2005ರ ಸುಮಾರಿಗೆ, ಜರ್ಮನಿಯ ಬೇಯರ್ ಕಂಪನಿ ತನಗೆ ಹತ್ತಿ ಬೀಜ ಬೆಳೆದುಕೊಡುವ ರೈತರ ಹೊಲಗಳಿಗೆ ಮುನ್ಸೂಚನೆಯಿಲ್ಲದ ಭೇಟಿಗಳನ್ನು ಆರಂಭಿಸಿತು. ಮಕ್ಕಳನ್ನು ದುಡಿಸದ ರೈತರಿಗೆ ಖರೀದಿ ದರದ ಮೇಲೆ ಹೆಚ್ಚುವರಿ ಹಣ ಕೊಡಲು, ದುಡಿಸಿದವರ ಮೇಲೆ ಕ್ರಮ ಕೈಗೊಳ್ಳಲು ಒಪ್ಪಿತು. ಅಲ್ಲಿಯವರೆಗೆ ಅಸಾಧ್ಯವೆಂದು ಹೇಳಲಾಗುತ್ತಿದ್ದ ಬದಲಾವಣೆ ಆ ಕಂಪನಿಯ ಪ್ಲಾಟುಗಳಲ್ಲಿ ಕಾಣಿಸತೊಡಗಿತು. ಇಲ್ಲಿ ನಾವು ಗಮನಿಸಬೇಕಾದದ್ದು ತಪಾಸಣೆಯನ್ನಷ್ಟೇ ಅಲ್ಲ, ತಪಾಸಣೆಯ ಜೊತೆಗೆ ದರವೂ ಅಲುಗಿತು ಎಂಬುದನ್ನು.

ಭಾರತದ ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಂದ ತಿದ್ದುಪಡಿಯ ಪ್ರಕಾರ 14 ವರ್ಷದೊಳಗಿನ ಮಕ್ಕಳನ್ನು ಯಾವ ಉದ್ಯೋಗಕ್ಕೂ ಇಟ್ಟುಕೊಳ್ಳುವಂತಿಲ್ಲ. ಆದರೆ ಶಾಲೆಯ ಸಮಯದ ಹೊರಗೆ ಮನೆಯವರ ಕಸುಬಿನಲ್ಲಿ ನೆರವಾಗುವುದಕ್ಕೆ ವಿನಾಯಿತಿ ಇದೆ. ಪ್ಲಾಟು ರೈತನ ಹೆಸರಿನಲ್ಲಿರುವುದರಿಂದ, ಸಾವಿರಾರು ಮೈಲಿ ದೂರದ ಮಾರುಕಟ್ಟೆಗೆ ತಯಾರಾಗುವ ಬೀಜದ ಕೆಲಸವೂ ಈ ವಿನಾಯಿತಿಯಲ್ಲಿ ಮನೆಗೆಲಸದ ವೇಷ ತೊಡಬಹುದು.

ಗಾರ್ಮೆಂಟ್ಸ್‌ನಲ್ಲಿ ಇದೇ ಲೆಕ್ಕ ನಿಮಿಷಗಳಲ್ಲಿ ನಡೆಯುತ್ತದೆ. ಒಂದು ಅಂಗಿಯ ಕಾಲರ್ ಕೂಡಿಸಲು, ತೋಳು ಹಚ್ಚಲು, ಅಂಚು ಮಡಚಿ ಹೊಲಿಯಲು ಎಷ್ಟು ನಿಮಿಷ ಬೇಕೆಂದು ಮೊದಲೇ ಅಳೆದಿಡುತ್ತಾರೆ. ಅದಕ್ಕೆ ಎಸ್‌ಎಎಂ ಎಂದು ಹೆಸರು. ಆ ನಿಮಿಷಗಳಿಗೆ ನಿಮಿಷದ ದರ ಹಾಕಿ, ಬಟ್ಟೆ, ದಾರ, ಗುಂಡಿ, ಸಾಗಣೆಯ ಖರ್ಚು ಸೇರಿಸಿದರೆ ಅಂಗಿಯ ಬೆಲೆ ಸಿದ್ಧವಾಗುತ್ತದೆ. ಖರೀದಿದಾರ ಈ ಬೆಲೆಯನ್ನು ಮತ್ತೊಂದು ದೇಶದ ಬೆಲೆಯೊಂದಿಗೆ ಹೋಲಿಸಿ ಇಳಿಸಲು ಹೇಳುತ್ತಾನೆ. ಬಟ್ಟೆಯ ಬೆಲೆ ಮಾರುಕಟ್ಟೆಯದು, ಅದು ಇಳಿಯದು. ಇಳಿಯಬಹುದಾದದ್ದು ನಿಮಿಷ ಮಾತ್ರ. ಗಂಟೆಗೆ ಇಷ್ಟು ಪೀಸು ಎಂಬ ಟಾರ್ಗೆಟ್ ಏರುತ್ತದೆ, ಸೂಪರ್‌ವೈಸರನ ಬೈಗುಳ ಏರುತ್ತದೆ, ನೀರು ಕುಡಿದರೆ ಎದ್ದು ಹೋಗಬೇಕಾದೀತೆಂದು ಹೆಂಗಸರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಬೈಗುಳವನ್ನು ಒಬ್ಬ ಒರಟು ಮನುಷ್ಯನ ಸ್ವಭಾವವೆಂದು ಬಗೆಯುವವರು ಅದರ ಹಿಂದಿರುವ ಬೆಲೆಪಟ್ಟಿಯನ್ನು ನೋಡಿಲ್ಲ.

ಗಡುವಿನ ಪರಿಣಾಮ ಬೇರೆ ಬಗೆಯದು. 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದಲೂ ನಮ್ಮಲ್ಲಿ ವಾರಕ್ಕೆ 48 ಗಂಟೆಯ ಮಿತಿಯಿದೆ, ಅದರಾಚೆಗಿನ ದುಡಿಮೆಗೆ ಎರಡರಷ್ಟು ದರದಲ್ಲಿ ಕೂಲಿ ಕೊಡಬೇಕೆಂಬ ನಿಯಮವಿದೆ. ಆರ್ಡರು ತಡವಾಗಿ ಖಚಿತವಾಗಿ, ಮಾಲು ಬೇಗ ಬೇಕೆಂದಾಗ ಕಾರ್ಖಾನೆಯ ಮುಂದೆ ಉಳಿಯುವ ದಾರಿಗಳು ಎರಡು: ಲೆಕ್ಕಕ್ಕೆ ಬಾರದ ಓಟಿ, ಇಲ್ಲವೇ ಇನ್ನೊಂದು ಸಣ್ಣ ಘಟಕಕ್ಕೆ ಕೆಲಸವನ್ನು ಗುಟ್ಟಾಗಿ ದಾಟಿಸುವುದು. 2012ರ ನವೆಂಬರ್ 24ರಂದು ಢಾಕಾ ಬಳಿಯ ತಝ್ರೀನ್ ಕಾರ್ಖಾನೆಗೆ ಬೆಂಕಿ ಬಿದ್ದು ಕನಿಷ್ಠ 112 ಮಂದಿ ಸತ್ತಾಗ, ತನ್ನ ಆರ್ಡರನ್ನು ಪೂರೈಕೆದಾರನೊಬ್ಬ ತನ್ನ ಅನುಮತಿಯಿಲ್ಲದೆ ಅಲ್ಲಿಗೆ ಕಳಿಸಿದ್ದನೆಂದು ಅಮೆರಿಕದ ವಾಲ್‌ಮಾರ್ಟ್ ಹೇಳಿತು. ಆ ಮಾತು ನಿಜವೇ ಇದ್ದರೂ ಅದು ಹೊಣೆಯನ್ನು ತೊಳೆಯುವುದಿಲ್ಲ. ತನ್ನ ಮಾಲು ಎಲ್ಲಿ ತಯಾರಾಗುತ್ತಿದೆ ಎಂಬುದು ತಯಾರಿಸಿಕೊಳ್ಳುವವನಿಗೇ ಗೊತ್ತಿಲ್ಲವೆಂದರೆ, ವ್ಯವಸ್ಥೆಯೇ ಹಾಗೆ ರೂಪುಗೊಂಡಿದೆ ಎಂದರ್ಥ.

ಇಂಥ ಟೀಕೆಗಳಿಗೆ ಕಂಪನಿಗಳು 1990ರ ದಶಕದಿಂದ ಕೊಡುತ್ತ ಬಂದ ಉತ್ತರ ನೀತಿಸಂಹಿತೆ ಮತ್ತು ಆಡಿಟ್. ಇಂಡೊನೇಷ್ಯಾ, ವಿಯೆಟ್ನಾಂಗಳ ಬೂಟು ಕಾರ್ಖಾನೆಗಳ ಸ್ಥಿತಿ, ಪಾಕಿಸ್ತಾನದ ಸಿಯಾಲ್‌ಕೋಟ್‌ನಲ್ಲಿ ಚೆಂಡು ಹೊಲಿಯುವ ಮಕ್ಕಳ ಚಿತ್ರಗಳು ಹೊರಬಂದು, ಆ ಮಾಲು ಮಾಡಿಸಿಕೊಳ್ಳುತ್ತಿದ್ದ ಅಮೆರಿಕದ ನೈಕಿ ಕಂಪನಿಯ ವಿರುದ್ಧ ಜನಾಭಿಪ್ರಾಯ ತಿರುಗಿದಾಗ, ಅದರ ಸಂಸ್ಥಾಪಕ ಫಿಲ್ ನೈಟ್ 1998ರ ಮೇ ತಿಂಗಳಲ್ಲಿ, ತಮ್ಮ ಉತ್ಪನ್ನದ ಹೆಸರು ಗುಲಾಮ ಕೂಲಿಗೆ ಇನ್ನೊಂದು ಹೆಸರಾಗಿಬಿಟ್ಟಿದೆ ಎಂದು ಸಾರ್ವಜನಿಕವಾಗಿ ಒಪ್ಪಿಕೊಳ್ಳಬೇಕಾಯಿತು. ಅಲ್ಲಿಂದೀಚೆಗೆ ಕಾರ್ಖಾನೆಗಳನ್ನು ಪರಿಶೀಲಿಸಿ ಪ್ರಮಾಣಪತ್ರ ಕೊಡುವುದೇ ಒಂದು ದೊಡ್ಡ ಉದ್ಯಮವಾಗಿ ಬೆಳೆಯಿತು.

ಆಡಿಟ್ ಎಂಬುದು ಪೂರ್ತಿ ನಿಷ್ಪ್ರಯೋಜಕ ಎನ್ನಲಾರೆ. ಬೆಂಕಿ ಆರಿಸುವ ಸಾಧನ, ಶೌಚಾಲಯ, ಹಾಜರಿ ಪುಸ್ತಕ ಇಂಥ ಕಣ್ಣಿಗೆ ಕಾಣುವ ಸಂಗತಿಗಳು ಅದರಿಂದ ಸುಧಾರಿಸಿವೆ. ಆದರೆ ಅದರ ಮಿತಿಗಳು ಅದರ ರಚನೆಯಲ್ಲೇ ಇವೆ. ಆಡಿಟರನ ಶುಲ್ಕವನ್ನು ಕೊಡುವವರು ಬ್ರ್ಯಾಂಡ್ ಇಲ್ಲವೇ ಕಾರ್ಖಾನೆ. ಬರುವ ದಿನ ಅನೇಕ ಸಲ ಮೊದಲೇ ಗೊತ್ತಿರುತ್ತದೆ. ಎರಡು ಲೆಕ್ಕದ ಪುಸ್ತಕಗಳನ್ನು ಇಡುವುದು ಎಲ್ಲರೂ ಬಲ್ಲ ಗುಟ್ಟು. ಕಾರ್ಮಿಕಳನ್ನು ಮಾತನಾಡಿಸುವುದು ಕಾರ್ಖಾನೆಯ ಆವರಣದಲ್ಲಿ, ನಾಳೆಯೂ ಅಲ್ಲೇ ದುಡಿಯಬೇಕಾದ ಭಯದ ನಡುವೆ. ಬಂದ ವರದಿ ಗೋಪ್ಯ. ಎಲ್ಲಕ್ಕಿಂತ ಮುಖ್ಯವಾಗಿ, ಆಡಿಟರ್ ಕಾರ್ಖಾನೆಯ ಲೆಕ್ಕ ನೋಡುತ್ತಾನೆಯೇ ಹೊರತು ಬ್ರ್ಯಾಂಡ್ ಕೊಟ್ಟ ದರ ನ್ಯಾಯವಾದದ್ದೇ ಎಂದು ಸಾಮಾನ್ಯವಾಗಿ ನೋಡುವುದಿಲ್ಲ.

ಕರಾಚಿಯ ಅಲಿ ಎಂಟರ್‌ಪ್ರೈಸಸ್ ಕಾರ್ಖಾನೆಗೆ 2012ರಲ್ಲಿ ದುಡಿಮೆಯ ಸ್ಥಿತಿಗತಿ ಸರಿಯಿದೆ ಎಂದು ಹೇಳುವ ಎಸ್‌ಎ 8000 ಎಂಬ ಅಂತರರಾಷ್ಟ್ರೀಯ ಪ್ರಮಾಣಪತ್ರ ಸಿಕ್ಕ ಕೆಲವೇ ವಾರಗಳಲ್ಲಿ, ಸೆಪ್ಟೆಂಬರ್ 11ರಂದು, ಅಲ್ಲಿ ಬೆಂಕಿ ಬಿದ್ದು 250ಕ್ಕೂ ಹೆಚ್ಚು ಜನ ಸತ್ತರು. ಬೆಂಕಿ ಬೇಕೆಂದೇ ಹಚ್ಚಿದ್ದೆಂದು ಅಲ್ಲಿನ ನ್ಯಾಯಾಲಯ 2020ರಲ್ಲಿ ತೀರ್ಪು ಕೊಟ್ಟಿತು. ಆದರೆ ಹಚ್ಚಿದವರು ಯಾರೇ ಇರಲಿ, ಒಳಗಿದ್ದವರು ಹೊರಬರಲಾಗದೆ ಸತ್ತದ್ದು ಕಿಟಕಿಗಳಿಗೆ ಸರಳುಗಳಿದ್ದುದರಿಂದ, ಬಾಗಿಲುಗಳು ಮುಚ್ಚಿದ್ದುದರಿಂದ. ಪ್ರಮಾಣಪತ್ರ ಕೊಟ್ಟವರ ಕಣ್ಣಿಗೆ ಅವು ಬೀಳಬೇಕಿತ್ತು.

ಮರುವರ್ಷ, 2013ರ ಏಪ್ರಿಲ್ 24ರಂದು, ಢಾಕಾ ಸಮೀಪದ ಸಾವಾರ್‌ನಲ್ಲಿ ರಾನಾ ಪ್ಲಾಜಾ ಎಂಬ ಎಂಟು ಅಂತಸ್ತಿನ ಕಟ್ಟಡ ಕುಸಿಯಿತು. ಹಿಂದಿನ ದಿನ ಗೋಡೆ ಕಂಬಗಳಲ್ಲಿ ಬಿರುಕು ಕಂಡಾಗ ಅದೇ ಕಟ್ಟಡದಲ್ಲಿದ್ದ ಬ್ಯಾಂಕ್ ತನ್ನ ಸಿಬ್ಬಂದಿಯನ್ನು ಹೊರಗೆ ಕಳಿಸಿತ್ತು. ಮೇಲಿನ ಅಂತಸ್ತುಗಳ ಗಾರ್ಮೆಂಟ್ಸ್ ಕಾರ್ಮಿಕರನ್ನು ಮಾತ್ರ ಮರುದಿನ ಕೆಲಸಕ್ಕೆ ಕರೆಸಲಾಯಿತು. ಸತ್ತವರು 1,130ಕ್ಕೂ ಹೆಚ್ಚು, ಗಾಯಗೊಂಡವರು ಸುಮಾರು 2,500. ಅಲ್ಲಿದ್ದ ಕಾರ್ಖಾನೆಗಳಲ್ಲಿ ಎರಡು ಈ ಮೊದಲೇ ಸಾಮಾಜಿಕ ಆಡಿಟ್‌ಗೆ ಒಳಗಾಗಿದ್ದವು. ಕಟ್ಟಡದ ಗಟ್ಟಿತನ ನೋಡುವುದು ಆಡಿಟಿನ ವ್ಯಾಪ್ತಿಯಲ್ಲಿರಲಿಲ್ಲ ಎಂಬ ವಿವರಣೆ ಆಮೇಲೆ ಬಂತು. ಯಾವ ಯಾವ ಬ್ರ್ಯಾಂಡಿನ ಬಟ್ಟೆ ಅಲ್ಲಿ ತಯಾರಾಗುತ್ತಿತ್ತೆಂದು ಸಾಬೀತುಪಡಿಸಲು ಕಾರ್ಮಿಕ ಹೋರಾಟಗಾರರು ಅವಶೇಷಗಳ ನಡುವೆ ಲೇಬಲ್‌ಗಳನ್ನು ಹುಡುಕಬೇಕಾಯಿತು. ಪರಿಹಾರ ನಿಧಿಗೆ ಬೇಕಾಗಿದ್ದ 3 ಕೋಟಿ ಡಾಲರ್ ಪೂರ್ತಿಯಾಗಿ ಕೂಡಿದ್ದು 2015ರ ಜೂನ್‌ನಲ್ಲಿ, ಎರಡು ವರ್ಷಗಳ ನಂತರ.

ಈ ದುರಂತದ ಬಳಿಕ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹೊಣೆಗಾರಿಕೆ ಎಂಬುದು ಹೇಳಿಕೆಯಿಂದ ಕರಾರಿಗೆ ಬದಲಾದ ಬಗೆ ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. 2013ರ ಮೇ ತಿಂಗಳಲ್ಲಿ ಬ್ರ್ಯಾಂಡ್‌ಗಳು ಮತ್ತು ಕಾರ್ಮಿಕ ಸಂಘಟನೆಗಳ ನಡುವೆ, ಬೆಂಕಿ ಮತ್ತು ಕಟ್ಟಡ ಸುರಕ್ಷತೆಯ ಬಗ್ಗೆ, ಅಕಾರ್ಡ್ ಎಂದು ಹೆಸರಾದ ಒಪ್ಪಂದವೊಂದು ಆಯಿತು. ಕಾಲಕ್ರಮದಲ್ಲಿ 200ಕ್ಕೂ ಹೆಚ್ಚು ಕಂಪನಿಗಳು ಸಹಿ ಹಾಕಿದವು, ಸುಮಾರು 1,600 ಕಾರ್ಖಾನೆಗಳು ಅದರ ವ್ಯಾಪ್ತಿಗೆ ಬಂದವು. ಹಳೆಯ ಆಡಿಟ್‌ಗೂ ಇದಕ್ಕೂ ಇದ್ದ ವ್ಯತ್ಯಾಸಗಳು ಮೂಲಭೂತವಾದವು: ತಪಾಸಣೆ ಮಾಡಿದವರು ಸ್ವತಂತ್ರ ಎಂಜಿನಿಯರುಗಳು, ವರದಿಗಳು ಸಾರ್ವಜನಿಕವಾದವು, ದುರಸ್ತಿಗೆ ಬೇಕಾದ ಹಣ ಕಾರ್ಖಾನೆಗೆ ಒದಗುವಂತೆ ನೋಡಿಕೊಳ್ಳುವುದು ಬ್ರ್ಯಾಂಡಿನ ಕರ್ತವ್ಯವಾಯಿತು, ಅಪಾಯ ಕಂಡಾಗ ಕೆಲಸ ನಿರಾಕರಿಸುವ ಹಕ್ಕು ಕಾರ್ಮಿಕರಿಗೆ ಸಿಕ್ಕಿತು. ಮಾತಿಗೆ ತಪ್ಪಿದ ಬ್ರ್ಯಾಂಡನ್ನು ಅಂತರರಾಷ್ಟ್ರೀಯ ಮಧ್ಯಸ್ಥಿಕೆಗೆ ಎಳೆಯಲು ಅವಕಾಶವಿತ್ತು. ಸಂಘಟನೆಗಳು ಎರಡು ಕಂಪನಿಗಳನ್ನು ಹೇಗ್‌ನಲ್ಲಿ ಹಾಗೆಯೇ ಎಳೆದವು, ಒಂದು ಕಂಪನಿ 23 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ನೂರಾರು ಕಟ್ಟಡಗಳಲ್ಲಿ ಬೆಂಕಿನಿರೋಧಕ ಬಾಗಿಲುಗಳು ಬಂದವು, ಕಂಬಗಳು ಗಟ್ಟಿಯಾದವು.

ಇಂಥ ಷರತ್ತು ಹಾಕಿದರೆ ಉದ್ಯಮ ಬೇರೆ ದೇಶಕ್ಕೆ ಓಡಿಹೋಗುತ್ತದೆ ಎಂಬ ವಾದವನ್ನು ನಾವು ಇಲ್ಲಿಯೂ ಪದೇ ಪದೇ ಕೇಳುತ್ತೇವೆ. ಬಾಂಗ್ಲಾದೇಶದ ಸಿದ್ಧ ಉಡುಪು ರಫ್ತು 2012-13ರಲ್ಲಿ ಸುಮಾರು 2,150 ಕೋಟಿ ಡಾಲರ್ ಇದ್ದದ್ದು 2018-19ರ ಹೊತ್ತಿಗೆ ಸುಮಾರು 3,400 ಕೋಟಿ ಡಾಲರ್ ಆಯಿತು. ಕಟ್ಟಡ ಗಟ್ಟಿ ಮಾಡಿದ್ದರಿಂದ ಉದ್ಯಮ ಓಡಲಿಲ್ಲ.

ಅಕಾರ್ಡ್ ಸುರಕ್ಷತೆಯನ್ನು ಮುಟ್ಟಿತು, ಕೂಲಿಯನ್ನು ಮುಟ್ಟಲಿಲ್ಲ. 2023ರಲ್ಲಿ ಢಾಕಾದ ಕಾರ್ಮಿಕರು ತಿಂಗಳಿಗೆ 23,000 ಟಾಕಾ ಕನಿಷ್ಠ ವೇತನ ಕೇಳಿ ಬೀದಿಗಿಳಿದರು, ನಿಗದಿಯಾದದ್ದು 12,500. ನಮ್ಮ ರಾಜ್ಯದ ಅನುಭವ ಇದಕ್ಕಿಂತ ಭಿನ್ನವೇನಲ್ಲ. ಕೊರೊನಾ ಕಾಲದಲ್ಲಿ ಬ್ರ್ಯಾಂಡ್‌ಗಳು ಆರ್ಡರುಗಳನ್ನು ರದ್ದು ಮಾಡಿದವು. ಬಾಂಗ್ಲಾದೇಶವೊಂದರಲ್ಲೇ 300 ಕೋಟಿ ಡಾಲರ್‌ಗೂ ಹೆಚ್ಚಿನ ಆರ್ಡರುಗಳು ನಿಂತವು ಎಂದು ಅಲ್ಲಿನ ಉದ್ಯಮಿಗಳ ಸಂಘ ಲೆಕ್ಕ ಕೊಟ್ಟಿತು. ಅದೇ ಸಮಯದಲ್ಲಿ ಕರ್ನಾಟಕದಲ್ಲಿ 2020ರ ಏಪ್ರಿಲ್‌ನಿಂದ ಸೇರಬೇಕಿದ್ದ ತಿಂಗಳಿಗೆ 417 ರೂಪಾಯಿಯ ತುಟ್ಟಿಭತ್ಯೆಯನ್ನು ಸರ್ಕಾರ ಮುಂದೂಡಿತು. ಬಾಕಿಯನ್ನೂ ಸೇರಿಸಿ ಕೊಡಬೇಕೆಂದು ಆ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಹೇಳಿದ ಮೇಲೂ ಅನೇಕ ಕಾರ್ಖಾನೆಗಳು ಕೊಡಲಿಲ್ಲ. ಬೆಂಗಳೂರಿನ ಕಾರ್ಮಿಕ ಸಂಘಗಳು ವಿಷಯವನ್ನು ವಿದೇಶಗಳಲ್ಲಿರುವ ಖರೀದಿದಾರರವರೆಗೆ ಒಯ್ದು, ಅಲ್ಲಿಂದ ಒತ್ತಡ ಬಂದ ಮೇಲೆ, 2022ರ ಆರಂಭದಲ್ಲಿ ದೊಡ್ಡ ಕಾರ್ಖಾನೆಗಳು ಬಾಕಿ ಕೊಡಲು ಒಪ್ಪಿದವು. ಸುಮಾರು 4 ಲಕ್ಷ ಕಾರ್ಮಿಕರ ಹಣ ಅದು. ಹೈಕೋರ್ಟಿನ ಮಾತಿಗೆ ಸಿಗದ ಬೆಲೆ ಖರೀದಿದಾರನ ಮಾತಿಗೆ ಸಿಕ್ಕಿತು ಎಂಬುದು ನೋವಿನ ಸಂಗತಿ, ಆದರೆ ಅಧಿಕಾರ ಎಲ್ಲಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ.

ನಡುವಿನ ಇನ್ನೊಂದು ಪದರವನ್ನು ಮರೆಯುವಂತಿಲ್ಲ. 2020ರ ಡಿಸೆಂಬರ್ 12ರಂದು ಕೋಲಾರದ ನರಸಾಪುರದಲ್ಲಿ ಆ್ಯಪಲ್ ಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಘಟಕದಲ್ಲಿ ಪಗಾರದ ಸಿಟ್ಟು ಗಲಭೆಯಾಗಿ ಸ್ಫೋಟಿಸಿತು. ಅಲ್ಲಿದ್ದವರಲ್ಲಿ ಬಹುಪಾಲು ಜನ ಕಾರ್ಮಿಕರನ್ನು ಒದಗಿಸುವ ಏಜೆನ್ಸಿಗಳ ಮೂಲಕ ಬಂದವರು. ಹಾಜರಿ ಒಬ್ಬರ ಕೈಯಲ್ಲಿ, ಪಗಾರ ಮತ್ತೊಬ್ಬರ ಕೈಯಲ್ಲಿ ಇದ್ದಾಗ, ಕಡಿತವಾದ ಹಣದ ಬಗ್ಗೆ ಯಾರನ್ನು ಕೇಳಬೇಕೆಂಬುದೇ ತಿಳಿಯದ ಸ್ಥಿತಿ ಹುಟ್ಟುತ್ತದೆ. ವಿಸ್ಟ್ರಾನ್ ಕ್ಷಮೆ ಕೇಳಿತು. ಸರಿಪಡಿಸುವವರೆಗೆ ಹೊಸ ಕೆಲಸ ಕೊಡುವುದಿಲ್ಲ ಎಂದು ಆ್ಯಪಲ್ ಘೋಷಿಸಿತು.

ತಪ್ಪು ಹೊರಬಿದ್ದ ಕೂಡಲೇ ಆರ್ಡರ್ ಕಿತ್ತುಕೊಂಡು ಹೋಗುವುದನ್ನು ಕೆಲವರು ಹೊಣೆಗಾರಿಕೆ ಎಂದು ಭಾವಿಸುತ್ತಾರೆ. 2006ರಲ್ಲಿ ನೈಕಿ ಸಿಯಾಲ್‌ಕೋಟ್‌ನ ತನ್ನ ಮುಖ್ಯ ಚೆಂಡು ಪೂರೈಕೆದಾರನನ್ನು ಹಾಗೆ ಬಿಟ್ಟಾಗ ಸಾವಿರಾರು ಕುಟುಂಬಗಳ ಕೆಲಸಕ್ಕೆ ಕುತ್ತು ಬಂತು. ಕಡಿಮೆ ದರದಿಂದ ಲಾಭ ಪಡೆದವರು ಕೆಟ್ಟ ಹೆಸರು ಬಂದಾಗ ಎದ್ದು ಹೋದರೆ, ಶಿಕ್ಷೆ ಅನುಭವಿಸುವವರು ಮೊದಲೇ ಅನ್ಯಾಯಕ್ಕೊಳಗಾದವರು. ಅದಕ್ಕಿಂತ ಒಳ್ಳೆಯ ಮಾದರಿ ನಮ್ಮ ಪಕ್ಕದಲ್ಲೇ ಇದೆ. ತಮಿಳುನಾಡಿನ ದಿಂಡಿಗಲ್ ಭಾಗದಲ್ಲಿ 2021ರಲ್ಲಿ ಕಾರ್ಮಿಕಳೊಬ್ಬಳ ಕೊಲೆಯಾದ ಬಳಿಕ, ಮಹಿಳೆಯರೇ ಮುನ್ನಡೆಸುವ ಅಲ್ಲಿನ ಕಾರ್ಮಿಕ ಸಂಘ, ಉಡುಪು ಕಂಪನಿ ಮತ್ತು ಎಚ್ ಅಂಡ್ ಎಮ್ ಸೇರಿದಂತೆ ಖರೀದಿದಾರರ ನಡುವೆ 2022ರಲ್ಲಿ ಕಾನೂನುಬದ್ಧ ಒಪ್ಪಂದವಾಯಿತು. ಲೈಂಗಿಕ ಕಿರುಕುಳದ ಮೇಲೆ ಹೊಲಿಗೆ ಲೈನಿನಲ್ಲಿ ಕೂತ ಹೆಂಗಸರೇ ಕಣ್ಣಿಡುವ ವ್ಯವಸ್ಥೆ ಅದು. ಖರೀದಿದಾರರು ಓಡಿಹೋಗದೆ ಉಳಿದು ಸಹಿ ಹಾಕಿದರು.

ಒಪ್ಪಂದಕ್ಕೆ ಬಾರದ ಕಂಪನಿಗಳನ್ನು ಕಟ್ಟಿಹಾಕಲು ಕಾನೂನೇ ಬೇಕು. ವ್ಯಾಪಾರ ಮತ್ತು ಮಾನವ ಹಕ್ಕುಗಳ ಬಗ್ಗೆ 2011ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಮಾರ್ಗದರ್ಶಿ ತತ್ವಗಳು, ತನ್ನ ಪೂರೈಕೆ ಸರಪಳಿಯಲ್ಲಿ ಎಲ್ಲಿ ಹಾನಿಯಾಗಬಹುದೆಂದು ಮೊದಲೇ ಹುಡುಕಿ ತಡೆಯುವುದು ಕಂಪನಿಯ ಕರ್ತವ್ಯ ಎಂದವು. ಫ್ರಾನ್ಸ್ 2017ರಲ್ಲಿ ಇದನ್ನು ಶಾಸನ ಮಾಡಿತು. ಜರ್ಮನಿಯ ಪೂರೈಕೆ ಸರಪಳಿ ಕಾಯ್ದೆ 2023ರ ಜನವರಿಯಿಂದ ಜಾರಿಗೆ ಬಂತು. ಯೂರೋಪಿಯನ್ ಒಕ್ಕೂಟ 2024ರಲ್ಲಿ ಇಂಥದೇ ನಿರ್ದೇಶನ ಹೊರಡಿಸಿ, 2025ರಲ್ಲಿ ಉದ್ಯಮಗಳ ಒತ್ತಡಕ್ಕೆ ಮಣಿದು ಜಾರಿಯನ್ನು ಮುಂದೂಡಿ ಸಡಿಲಗೊಳಿಸುವ ದಾರಿ ಹಿಡಿಯಿತು. ಭಾರತದಲ್ಲಿ ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ ನಿಯಮದಂತೆ ಪೇಟೆಯ ಮೊದಲ 1,000 ಕಂಪನಿಗಳು 2022-23ರಿಂದ ಹೊಣೆಗಾರಿಕೆಯ ವರದಿ ಕೊಡುತ್ತಿವೆ, ಆದರೆ ವರದಿ ಕೊಡುವುದು ಬೇರೆ, ಹಾನಿಗೆ ಉತ್ತರದಾಯಿಯಾಗುವುದು ಬೇರೆ.

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಗಳ ಯುವಕ ಯುವತಿಯರು ಬೆಂಗಳೂರಿಗೆ ಹೋಗದೆ ಇಲ್ಲಿಯೇ ದುಡಿಯುವಂತಾಗಲಿ ಎಂಬ ಬಯಕೆ ನ್ಯಾಯವಾದದ್ದು. ರಾಜ್ಯದ 2019-24ರ ಜವಳಿ ನೀತಿ ಬೆಂಗಳೂರಿನ ಹೊರಗಿನ ವಲಯಗಳಿಗೆ ಬರುವ ಘಟಕಗಳಿಗೆ ಸಹಾಯಧನ, ರಿಯಾಯಿತಿಗಳನ್ನು ಕೊಟ್ಟದ್ದೂ ಇದೇ ಉದ್ದೇಶಕ್ಕೆ. ಸಾರ್ವಜನಿಕ ಹಣ ಮತ್ತು ಜಮೀನು ಕೊಡುವಾಗ ಸರ್ಕಾರವೂ ಒಂದು ಬಗೆಯ ಖರೀದಿದಾರ. ಅದೂ ಷರತ್ತು ಹಾಕಬಹುದು. ನೈಕಿ 2005ರಲ್ಲಿಯೇ ತನ್ನ 700ಕ್ಕೂ ಹೆಚ್ಚು ಪೂರೈಕೆ ಕಾರ್ಖಾನೆಗಳ ಹೆಸರು ವಿಳಾಸ ಪ್ರಕಟಿಸಿತ್ತು. ಹಾಗಿದ್ದ ಮೇಲೆ, ರಿಯಾಯಿತಿ ಪಡೆದ ಪ್ರತಿ ಘಟಕ ಯಾವ ಬ್ರ್ಯಾಂಡಿಗೆ ಮಾಲು ಕೊಡುತ್ತದೆ, ಅಲ್ಲಿನ ಎಷ್ಟು ಜನ ಏಜೆನ್ಸಿಯ ಮೂಲಕ ಬಂದವರು, ಕನಿಷ್ಠ ವೇತನ ಮತ್ತು ಪಿ.ಎಫ್. ಪ್ರತಿ ತಿಂಗಳು ಸಂದಾಯವಾಗಿದೆಯೇ ಎಂಬುದನ್ನು ಕನ್ನಡದಲ್ಲಿ, ಕಾರ್ಖಾನೆಯ ಗೇಟಿನಲ್ಲಿ ಮತ್ತು ಜಿಲ್ಲಾಡಳಿತದ ಜಾಲತಾಣದಲ್ಲಿ ಪ್ರಕಟಿಸಬೇಕೆಂದು ಕೇಳುವುದು ಅತಿಯಾದ ಬೇಡಿಕೆಯಲ್ಲ. ರಾಣೆಬೆನ್ನೂರಿನ ಬೀಜದ ಕರಾರುಗಳಲ್ಲಿಯೂ ಕಿಲೋದ ದರದ ಪಕ್ಕದಲ್ಲಿ, ಆ ದರವನ್ನು ಯಾವ ದಿನಗೂಲಿಯ ಆಧಾರದ ಮೇಲೆ ಲೆಕ್ಕ ಹಾಕಲಾಗಿದೆ ಎಂಬ ಒಂದು ಸಾಲು ಕಡ್ಡಾಯವಾಗಿ ಇರಬೇಕು. ಆ ದಿನಗೂಲಿ ರಾಜ್ಯ ನಿಗದಿಪಡಿಸಿದ ಕನಿಷ್ಠ ಕೂಲಿಗಿಂತ ಕಡಿಮೆಯಿದ್ದರೆ ಉತ್ತರ ಹೇಳಬೇಕಾದವನು ರೈತನಲ್ಲ, ಕರಾರು ಬರೆದವನು.